ವಿದೇಶದಲ್ಲಿ ಎಂಬಿಬಿಎಸ್: ಹಣ ಕಟ್ಟುವ ಮುನ್ನ ನೋಡಬೇಕಾದ್ದು, ಓದಿ ಬಂದ ಮೇಲೆ ಮಾಡಬೇಕಾದ್ದು

ನೀಟ್ ಫಲಿತಾಂಶ ಬಂದ ಮರುವಾರವೇ ಹುಬ್ಬಳ್ಳಿ, ದಾವಣಗೆರೆ, ಕಲಬುರಗಿ, ಬೆಂಗಳೂರಿನ ಹೋಟೆಲ್ ಹಾಲುಗಳಲ್ಲಿ ವಿದೇಶಿ ಎಂಬಿಬಿಎಸ್ ಸೆಮಿನಾರುಗಳು ಶುರುವಾಗುತ್ತವೆ. ಫೀಸು ಎಷ್ಟು, ಹಾಸ್ಟೆಲಿನಲ್ಲಿ ಅನ್ನ ಸಾರು ಸಿಗುತ್ತದೆಯೇ, ಚಳಿ ತಡೆಯಬಹುದೇ ಎಂದು ಕೇಳುವುದರಲ್ಲೇ ಎರಡು ಗಂಟೆ ಕಳೆದುಹೋಗುತ್ತದೆ. ಅಲ್ಲಿ ಓದಿ ಬಂದವರಿಗೆ ಕರ್ನಾಟಕ ಮೆಡಿಕಲ್ ಕೌನ್ಸಿಲ್ ವೈದ್ಯವೃತ್ತಿಗೆ ಬೇಕಾದ ನೋಂದಣಿ ಕೊಡುತ್ತದೆಯೇ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಹೊಲ ಅಡವಿಟ್ಟು, ಸಾಲ ಮಾಡಿ ಮಕ್ಕಳನ್ನು ಕಳಿಸುವ ಮನೆಗಳಿಗೆ ಉತ್ತರ ಗೊತ್ತಾಗುವುದು ಆರು ವರ್ಷ ಕಳೆದ ಮೇಲೆ. ಆಗ ತಿದ್ದಲು ಏನೂ ಉಳಿದಿರುವುದಿಲ್ಲ. ಯಾಕೆಂದರೆ ನೋಂದಣಿಯ ವೇಳೆ ತಿರಸ್ಕಾರವಾಗುವ ಬಹುಪಾಲು ಅರ್ಜಿಗಳಲ್ಲಿ ತಪ್ಪು ಆಗಿರುವುದು ಸೇರುವ ದಿನವೇ.

ಆದ್ದರಿಂದ ಈ ದಾರಿಯನ್ನು ಕೊನೆಯಿಂದ ಹಿಂದಕ್ಕೆ ನೋಡಿಕೊಂಡು ಬರಬೇಕು. ಕೌನ್ಸಿಲ್‌ನ ಶಾಶ್ವತ ನೋಂದಣಿಗೆ ಭಾರತದಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಮುಗಿಸಿರಬೇಕು. ಆ ಇಂಟರ್ನ್‌ಶಿಪ್‌ಗೆ ತಾತ್ಕಾಲಿಕ ನೋಂದಣಿ ಬೇಕು. ಅದಕ್ಕೆ ವಿದೇಶದಲ್ಲಿ ಓದಿ ಬಂದವರಿಗೆಂದು ಭಾರತದಲ್ಲಿ ನಡೆಯುವ ಎಫ್‌ಎಂಜಿಇ ಪರೀಕ್ಷೆ ಪಾಸಾಗಬೇಕು. ಎಫ್‌ಎಂಜಿಇಗೆ ಕೂರಲು ನಿಯಮಕ್ಕೆ ಹೊಂದುವ ವಿದೇಶಿ ಪದವಿ ಮತ್ತು ವಿದೇಶದಲ್ಲಿ ವೈದ್ಯಕೀಯ ಓದಲು ಅರ್ಹತೆ ಇದೆ ಎಂಬ ಎಲಿಜಿಬಿಲಿಟಿ ಸರ್ಟಿಫಿಕೇಟ್ ಬೇಕು. ಅವೆರಡಕ್ಕೂ ಬುಡ ನೀಟ್. ಈ ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಾದರೂ ಮುಂದಿನದು ಕೂರುವುದಿಲ್ಲ.

ಯಾವ ನಿಯಮ ಯಾರಿಗೆ

ಮೆಡಿಕಲ್ ಕೌನ್ಸಿಲ್ ಆಫ್ ಇಂಡಿಯಾದ ಜಾಗಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ, ಅಂದರೆ ಎನ್‌ಎಂಸಿ ಬಂದದ್ದು 2020ರ ಸೆಪ್ಟೆಂಬರ್ 25ರಂದು. 2019ರ ಎನ್‌ಎಂಸಿ ಕಾಯ್ದೆಯ ಅಡಿ ಅದು ಹೊರಡಿಸಿದ ವಿದೇಶಿ ವೈದ್ಯಕೀಯ ಪದವೀಧರರ ಲೈಸೆನ್ಷಿಯೇಟ್ ನಿಯಮಾವಳಿ 2021ರ ನವೆಂಬರ್ 18ರಿಂದ ಜಾರಿಯಲ್ಲಿದೆ. ಆ ದಿನದ ನಂತರ ಸೇರಿದವರೆಲ್ಲ ಇದರ ಅಡಿಗೆ ಬರುತ್ತಾರೆ. ಅದಕ್ಕೂ ಮೊದಲೇ ಓದುತ್ತಿದ್ದವರಿಗೆ 2002ರ ಸ್ಕ್ರೀನಿಂಗ್ ಟೆಸ್ಟ್ ನಿಯಮಗಳೇ ಅನ್ವಯ. ನಿಮ್ಮ ಪಕ್ಕದ ಮನೆಯ ಹುಡುಗ 2017ರಲ್ಲಿ ಸೇರಿ ಇವತ್ತು ಡಾಕ್ಟರಾಗಿದ್ದಾನೆ ಎಂದರೆ ಅವನು ಹೋದ ದಾರಿ ನಿಮಗೆ ತೆರೆದಿದೆ ಎಂದು ಅರ್ಥವಲ್ಲ. ಹಳೆಯ ವಿದ್ಯಾರ್ಥಿಗಳ ಉದಾಹರಣೆ ತೋರಿಸಿ ಸೀಟು ಮಾರುವುದು ಏಜೆಂಟರ ಮಾಮೂಲಿ ದಾರಿ. ಅವರು ಯಾವ ವರ್ಷ ಸೇರಿದ್ದರು ಎಂಬುದನ್ನೇ ಮೊದಲು ಕೇಳಿ.

2021ರ ನಿಯಮಾವಳಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿತ್ತು. 2022ರ ಮೇ ತಿಂಗಳಲ್ಲಿ ಕೋರ್ಟು ಅದನ್ನು ಎತ್ತಿಹಿಡಿಯಿತು. ವಿದೇಶದಲ್ಲಿ ಓದಲು ನೀಟ್ ಕಡ್ಡಾಯ ಎಂಬ 2018ರ ನಿಯಮವನ್ನೂ 2025ರ ಫೆಬ್ರವರಿಯಲ್ಲಿ ಎತ್ತಿಹಿಡಿದಿದೆ. ಹಾಗಾಗಿ ‘ಮುಂದೆ ಕೇಸ್ ಗೆದ್ದರೆ ಸರಿಯಾಗುತ್ತೆ’ ಎಂಬ ಮಾತಿಗೆ ದುಡ್ಡು ಕಟ್ಟಬೇಡಿ.

ನಿಯಮಾವಳಿ ಕೇಳುವುದು ಏನು

ಕೋರ್ಸಿನ ಅವಧಿ ಕನಿಷ್ಠ 54 ತಿಂಗಳು. ಅದರ ಮೇಲೆ, ಅದೇ ವಿದೇಶಿ ಸಂಸ್ಥೆಯಲ್ಲಿ, ಕನಿಷ್ಠ 12 ತಿಂಗಳ ಇಂಟರ್ನ್‌ಶಿಪ್; ವಾಪಸ್ ಬಂದು ಭಾರತದಲ್ಲಿ ಮಾಡುವ ಇಂಟರ್ನ್‌ಶಿಪ್ ಇದರಿಂದ ಬೇರೆ. ಬೋಧನಾ ಮಾಧ್ಯಮ ಇಂಗ್ಲಿಷ್. ನಿಯಮಾವಳಿಯ ಮೊದಲ ಅನುಸೂಚಿಯಲ್ಲಿರುವ ಎಲ್ಲ ವಿಷಯಗಳನ್ನೂ ಓದಿರಬೇಕು. ಓದಿದ ದೇಶದಲ್ಲಿ ಆ ದೇಶದ ಪ್ರಜೆಗಳಿಗೆ ಸಮನಾಗಿ ವೈದ್ಯವೃತ್ತಿ ಮಾಡುವ ಲೈಸೆನ್ಸಿಗೆ ಅರ್ಹತೆ ಇರಬೇಕು. ಕೋರ್ಸು, ತರಬೇತಿ, ಇಂಟರ್ನ್‌ಶಿಪ್ ಮೂರೂ ಒಂದೇ ಸಂಸ್ಥೆಯಲ್ಲಿ ನಡೆಯಬೇಕು. ಯಾವ ಭಾಗವನ್ನೂ ಭಾರತದಲ್ಲಾಗಲಿ, ಮೂರನೇ ದೇಶದಲ್ಲಾಗಲಿ ಮಾಡುವಂತಿಲ್ಲ. ಸೇರಿದ ದಿನದಿಂದ 10 ವರ್ಷದೊಳಗೆ ಎಲ್ಲ ಮುಗಿಯಬೇಕು.

ಓದಲು ಸರಳ. ಆದರೆ ತಿಂಗಳುಗಳ ಲೆಕ್ಕದಲ್ಲೇ ಹೆಚ್ಚು ಜನ ಎಡವುತ್ತಾರೆ. 54ಕ್ಕೆ 12 ಕೂಡಿದರೆ 66 ತಿಂಗಳು, ಐದೂವರೆ ವರ್ಷ. ‘ಐದು ವರ್ಷಕ್ಕೆ ಮುಗಿಸಿ ಕಳಿಸುತ್ತೇವೆ’ ಎಂದರೆ 60 ತಿಂಗಳಾಯಿತು. ಇಂಟರ್ನ್‌ಶಿಪ್ ಅದರೊಳಗೇ ಇದ್ದರೆ ಕೋರ್ಸಿಗೆ ಉಳಿಯುವುದು 48 ತಿಂಗಳು ಮಾತ್ರ. ಅದು ಆಗದು. ‘ಆರು ವರ್ಷ’ ಎಂದಾಗಲೂ ನಿಶ್ಚಿಂತೆ ಬೇಡ. ಆರನೇ ವರ್ಷ ನಿಜಕ್ಕೂ ಆಸ್ಪತ್ರೆಯ ಇಂಟರ್ನ್‌ಶಿಪ್ಪೇ, ಇಲ್ಲಾ ಅದೂ ತರಗತಿ ಮತ್ತು ಪರೀಕ್ಷೆಯ ವರ್ಷವೇ ಎಂದು ಕೇಳಿ. ಎರಡನೆಯದಾದರೆ ಒಟ್ಟು 72 ತಿಂಗಳಾದರೂ ಇಂಟರ್ನ್‌ಶಿಪ್ ಸೊನ್ನೆ. ಕಾಲೇಜು ಕೊಡುವ ಪ್ರಮಾಣಪತ್ರದಲ್ಲಿ ಕೋರ್ಸಿನ ಆರಂಭ ಮತ್ತು ಮುಕ್ತಾಯದ ದಿನಾಂಕ ಬೇರೆಯಾಗಿ, ಇಂಟರ್ನ್‌ಶಿಪ್‌ನ ಆರಂಭ ಮತ್ತು ಮುಕ್ತಾಯದ ದಿನಾಂಕ ಬೇರೆಯಾಗಿ ನಮೂದಾಗಿರಬೇಕು. ‘2022ರಿಂದ 2028ರವರೆಗೆ ವ್ಯಾಸಂಗ ಮಾಡಿದ್ದಾರೆ’ ಎಂಬ ಒಂದೇ ಸಾಲಿನ ಪತ್ರ ಹಿಡಿದು ಬಂದರೆ ಇಲ್ಲಿಂದ ಮತ್ತೆ ಕಾಲೇಜಿಗೆ ಪತ್ರ ಬರೆದು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.

ಫಿಲಿಪೀನ್ಸ್ ಬಗ್ಗೆ ವಿಚಾರಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅಲ್ಲಿನ ಪದ್ಧತಿಯಲ್ಲಿ ಮೊದಲು ಬಿಎಸ್ ಎಂಬ ಪೂರ್ವ ಪದವಿ, ಆಮೇಲೆ ನಾಲ್ಕು ವರ್ಷದ ಎಂ.ಡಿ. ಬಿಎಸ್ ವೈದ್ಯಕೀಯ ಕೋರ್ಸಲ್ಲ, ಅದು ಲೆಕ್ಕಕ್ಕೆ ಬರುವುದಿಲ್ಲ. ನಾಲ್ಕು ವರ್ಷ ಎಂದರೆ 48 ತಿಂಗಳು.

ಮಾಧ್ಯಮದ ವಿಷಯದಲ್ಲಿ ರಷ್ಯಾ ಮತ್ತು ಹಳೆಯ ಸೋವಿಯತ್ ದೇಶಗಳ ಕೆಲವು ಕಾಲೇಜುಗಳು ದ್ವಿಭಾಷಾ ಕೋರ್ಸು ನಡೆಸುತ್ತವೆ. ಮೊದಲ ವರ್ಷಗಳು ಇಂಗ್ಲಿಷಿನಲ್ಲಿ, ಆಸ್ಪತ್ರೆಗೆ ಕಾಲಿಟ್ಟ ಮೇಲೆ ರಷ್ಯನ್ ಭಾಷೆಯಲ್ಲಿ. ಇದು ನಿಯಮಕ್ಕೆ ಹೊಂದುವುದಿಲ್ಲ. ಆದರೆ ರೋಗಿ ಇಂಗ್ಲಿಷಿನಲ್ಲಿ ಮಾತಾಡುವುದಿಲ್ಲ ಎಂಬುದೂ ಅಷ್ಟೇ ನಿಜ. ಪಾಠ ಇಂಗ್ಲಿಷಿನಲ್ಲಿ ನಡೆದರೂ ಸ್ಥಳೀಯ ಭಾಷೆಯನ್ನು ಮೊದಲ ವರ್ಷದಿಂದಲೇ ಗಂಭೀರವಾಗಿ ಕಲಿಯದವರು ಮೂರನೇ ವರ್ಷದಿಂದ ವಾರ್ಡಿನಲ್ಲಿ ಗೋಡೆಗೆ ಒರಗಿ ನಿಲ್ಲುತ್ತಾರೆ. ರೋಗಿಯ ಹೊಟ್ಟೆ ಮುಟ್ಟಿ ನೋಡದೆ, ಹಿಸ್ಟರಿ ಕೇಳದೆ ಬಂದವರಿಗೆ ಎಫ್‌ಎಂಜಿಇಯ ಕ್ಲಿನಿಕಲ್ ಪ್ರಶ್ನೆಗಳು ಕಬ್ಬಿಣದ ಕಡಲೆಯಾಗುವುದು ಇದಕ್ಕೇ.

ಲೈಸೆನ್ಸ್ ಎಂಬ ಷರತ್ತು

ಎಲ್ಲ ಷರತ್ತುಗಳಲ್ಲಿ ಹೆಚ್ಚು ಜನರ ಕೈ ಸುಡುವುದು ಇದು. ಪದವಿ ಕೊಟ್ಟ ದೇಶದಲ್ಲಿ ನೀವು, ಅಲ್ಲಿನ ಪ್ರಜೆಗೆ ಸಮನಾಗಿ, ವೈದ್ಯವೃತ್ತಿಗೆ ಅರ್ಹರಾಗಿರಬೇಕು. ವಿದೇಶಿ ವಿದ್ಯಾರ್ಥಿಗಳಿಗೆಂದೇ ಬೇರೆ ಕೋರ್ಸು ಮಾಡಿ, ಅದರ ಪದವಿಯಿಂದ ತನ್ನ ದೇಶದಲ್ಲೇ ವೃತ್ತಿ ಮಾಡಲು ಬಿಡದ ವ್ಯವಸ್ಥೆಗಳಿವೆ. ಸ್ವಂತ ದೇಶದ ರೋಗಿಗಳಿಗೆ ಬೇಡವಾದ ಡಾಕ್ಟರನ್ನು ನಮ್ಮ ರೋಗಿಗಳಿಗೆ ಕಳಿಸಬಾರದು ಎಂಬುದು ನಿಯಮದ ಹಿಂದಿನ ತರ್ಕ, ಮತ್ತು ಅದು ನ್ಯಾಯವಾದ ತರ್ಕ.

ಚೀನಾದಲ್ಲಿರುವ ಭಾರತೀಯ ರಾಯಭಾರ ಕಚೇರಿ 2022ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಸೂಚನೆ ಇದನ್ನು ಬಿಡಿಸಿ ಹೇಳಿತ್ತು: 2021ರ ನವೆಂಬರ್ ನಂತರ ಸೇರಿದವರು ಅಲ್ಲಿನ ಲೈಸೆನ್ಸ್ ಪಡೆಯದಿದ್ದರೆ ಎಫ್‌ಎಂಜಿಇಗೆ ಕೂರಲು ಅರ್ಹರಲ್ಲ. ಅದೇ ಸೂಚನೆಯಲ್ಲಿ ಇನ್ನೊಂದು ಅಂಕಿ ಇತ್ತು. 2015ರಿಂದ 2021ರ ನಡುವೆ ಚೀನಾದಲ್ಲಿ ಓದಿ ಪರೀಕ್ಷೆ ಬರೆದ 40,417 ಜನರಲ್ಲಿ ಪಾಸಾದವರು 6,387.

ಸೇರುವ ಮೊದಲು ಇದನ್ನು ಪತ್ತೆ ಮಾಡುವುದು ಹೇಗೆ? ವೈದ್ಯರಿಗೆ ಲೈಸೆನ್ಸ್ ಕೊಡುವ ಸಂಸ್ಥೆ ಪ್ರತಿ ದೇಶದಲ್ಲೂ ಒಂದಿರುತ್ತದೆ: ಕೆಲವು ಕಡೆ ಆರೋಗ್ಯ ಸಚಿವಾಲಯ, ಕೆಲವು ಕಡೆ ಕೌನ್ಸಿಲ್. ಕಾಲೇಜನ್ನು ಬಿಟ್ಟು ಆ ಸಂಸ್ಥೆಗೇ ಇಮೇಲ್ ಬರೆಯಿರಿ. ಇಂಥ ಕಾಲೇಜಿನ ಇಂಥ ಹೆಸರಿನ ಕೋರ್ಸನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಮುಗಿಸಿದ ಭಾರತೀಯ ಪ್ರಜೆ ನಿಮ್ಮ ಲೈಸೆನ್ಸ್ ಪರೀಕ್ಷೆಗೆ ಕೂರಬಹುದೇ, ಪಾಸಾದರೆ ನಿಮ್ಮ ಪ್ರಜೆಗೆ ಸಿಗುವ ಲೈಸೆನ್ಸೇ ಸಿಗುತ್ತದೆಯೇ ಎಂದು ಎರಡೇ ಪ್ರಶ್ನೆ ಕೇಳಿ. ಪ್ರತಿಯನ್ನು ಆ ದೇಶದ ಭಾರತೀಯ ರಾಯಭಾರ ಕಚೇರಿಯ ಶಿಕ್ಷಣ ವಿಭಾಗಕ್ಕೂ ಕಳಿಸಿ. ಉತ್ತರ ಬರುವವರೆಗೆ ಹಣ ಕಟ್ಟಬೇಡಿ. ಕಾಲೇಜೇ ಕೊಟ್ಟ ‘ನಮ್ಮ ಪದವೀಧರರು ಅರ್ಹರು’ ಎಂಬ ಪತ್ರಕ್ಕೆ ಇಲ್ಲಿ ಬೆಲೆ ಇಲ್ಲ.

‘ಎನ್‌ಎಂಸಿ ಮಾನ್ಯತೆ’ ಎಂಬ ಸುಳ್ಳು

ಕರಪತ್ರಗಳಲ್ಲಿ ದಪ್ಪ ಅಕ್ಷರದಲ್ಲಿ ಹೀಗೆ ಅಚ್ಚಾಗಿರುತ್ತದೆ. ಎನ್‌ಎಂಸಿ ಯಾವ ವಿದೇಶಿ ಕಾಲೇಜಿಗೂ ಮಾನ್ಯತೆ ಕೊಡುವುದಿಲ್ಲ, ಮಾನ್ಯ ಕಾಲೇಜುಗಳ ಪಟ್ಟಿಯನ್ನೂ ಇಟ್ಟಿಲ್ಲ. ಅದು ನೋಡುವುದು ಬಂದ ಅಭ್ಯರ್ಥಿಯ ಓದು ನಿಯಮಕ್ಕೆ ಹೊಂದುತ್ತದೆಯೇ ಎಂಬುದನ್ನು ಮಾತ್ರ. ವಿಶ್ವ ವೈದ್ಯಕೀಯ ಶಾಲೆಗಳ ಡೈರೆಕ್ಟರಿಯಲ್ಲಿ ಹೆಸರಿದೆ ಎಂಬುದೂ ಮಾನ್ಯತೆಯಲ್ಲ, ಅದು ಬರೀ ವಿಳಾಸದ ಪಟ್ಟಿ. ಮಾನ್ಯತೆ ಇದೆ ಎಂದು ಒಬ್ಬ ಏಜೆಂಟ್ ಹೇಳಿದ ಕೂಡಲೇ ಅವನ ಉಳಿದ ಮಾತುಗಳನ್ನೂ ಅನುಮಾನದಿಂದಲೇ ಕೇಳಿ. ಎನ್‌ಎಂಸಿ ಆಗಾಗ ಎಚ್ಚರಿಕೆಯ ಸೂಚನೆಗಳನ್ನು ಹೊರಡಿಸುತ್ತದೆ. 2025ರಲ್ಲಿ ಬೆಲೀಜ್ ಮತ್ತು ಉಜ್ಬೇಕಿಸ್ತಾನದ ಕೆಲವು ಕಾಲೇಜುಗಳನ್ನು ಹೆಸರಿಸಿಯೇ ದೂರವಿರಿ ಎಂದಿತ್ತು. ಹಣ ಕಟ್ಟುವ ವಾರ ಎನ್‌ಎಂಸಿಯ ವೆಬ್‌ಸೈಟಿನಲ್ಲಿ ಸಾರ್ವಜನಿಕ ಸೂಚನೆಗಳ ಪುಟವನ್ನು ಮೇಲಿಂದ ಕೆಳಗೆ ಒಮ್ಮೆ ಓದಿ.

ಹೊರಡುವ ಮೊದಲು

ನೀಟ್‌ನಲ್ಲಿ ಅರ್ಹತೆ ಪಡೆದಿರಬೇಕು. ಸಾಮಾನ್ಯ ವರ್ಗಕ್ಕೆ 50ನೇ ಪರ್ಸೆಂಟೈಲ್, ಎಸ್‌ಸಿ, ಎಸ್‌ಟಿ, ಒಬಿಸಿಗೆ 40. ವಿದೇಶಿ ಪ್ರವೇಶಕ್ಕೆ ಈ ಫಲಿತಾಂಶ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ‘ಈಗ ಸೇರಿಕೊಳ್ಳಿ, ನೀಟ್ ಮುಂದಿನ ವರ್ಷ ಬರೆದರಾಯಿತು’ ಎಂಬುದು ಶುದ್ಧ ಮೋಸ. ಪಿಯುಸಿಯ ಭೌತ, ರಸಾಯನ, ಜೀವಶಾಸ್ತ್ರಗಳಲ್ಲಿ ಒಟ್ಟು ಶೇ 50, ಮೀಸಲು ವರ್ಗಕ್ಕೆ ಶೇ 40 ಅಂಕ ಇರಬೇಕು. ಎನ್‌ಎಂಸಿಯಿಂದ ಎಲಿಜಿಬಿಲಿಟಿ ಸರ್ಟಿಫಿಕೇಟ್ ಪಡೆಯಲು ಆನ್‌ಲೈನಿನಲ್ಲಿ ಅರ್ಜಿ ಹಾಕಿ. ಓದು ಮುಗಿದ ಮೇಲೆ ಎಫ್‌ಎಂಜಿಇ ಅರ್ಜಿಯ ಕೊನೆಯ ದಿನ ಹತ್ತಿರ ಬಂದಾಗ ಇದನ್ನು ಹುಡುಕುತ್ತಾ ಕೂತವರು ಒಂದು ಪೂರ್ತಿ ಸೆಷನ್ ಕಳೆದುಕೊಂಡಿದ್ದಾರೆ.

ಇನ್ನು ಹೆಸರಿನ ವಿಷಯ. ಇದು ಸಣ್ಣದೆಂದು ತೋರುತ್ತದೆ, ನಮ್ಮ ರಾಜ್ಯದ ಮಕ್ಕಳಿಗೆ ದೊಡ್ಡ ತಲೆನೋವು. ನಮ್ಮಲ್ಲಿ ಮನೆತನದ ಹೆಸರಿಗಿಂತ ಇನಿಷಿಯಲ್ ಹೆಚ್ಚು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ‘ಕಿರಣ ಎಚ್ ಎಂ’ ಎಂದಿರುತ್ತದೆ. ಎಚ್ ಊರಿನ ಹೆಸರು, ಎಂ ಅಪ್ಪನ ಹೆಸರು. ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಕಾಲಂ ತುಂಬಲು ಇನಿಷಿಯಲ್ ಬಿಡಿಸಿ ‘ಹೊಸಹಳ್ಳಿ ಮಂಜುನಾಥ ಕಿರಣ’ ಆಗುತ್ತದೆ. ರಷ್ಯಾದಂಥ ದೇಶದ ವಿಶ್ವವಿದ್ಯಾಲಯ ಪಾಸ್‌ಪೋರ್ಟಿನ ಹೆಸರನ್ನು ರಷ್ಯನ್ ಬರೆಯುವ ಸಿರಿಲಿಕ್ ಲಿಪಿಗೆ ಇಳಿಸಿ ದಾಖಲು ಮಾಡುತ್ತದೆ, ಪದವಿ ಪತ್ರ ಕೊಡುವಾಗ ಮತ್ತೆ ಇಂಗ್ಲಿಷಿಗೆ ತರುತ್ತದೆ. ಹೋಗಿ ಬರುವುದರಲ್ಲಿ ಒಂದು ಅಕ್ಷರ ಬಿದ್ದುಹೋಗುತ್ತದೆ, ಇನ್ನೊಂದು ಸೇರಿಕೊಳ್ಳುತ್ತದೆ. ಕೊನೆಗೆ ಮಾರ್ಕ್ಸ್ ಕಾರ್ಡ್, ನೀಟ್ ಸ್ಕೋರ್ ಕಾರ್ಡ್, ಪಾಸ್‌ಪೋರ್ಟ್, ಪದವಿ ನಾಲ್ಕರಲ್ಲೂ ನಾಲ್ಕು ಹೆಸರು. ಕೌನ್ಸಿಲ್‌ನ ಗುಮಾಸ್ತರ ಮುಂದೆ ಇವರು ನಾಲ್ಕು ಜನ. ಅಫಿಡವಿಟ್ಟಿನಿಂದ ಎಲ್ಲ ಸರಿಯಾಗುತ್ತದೆ ಎಂದು ನಂಬಬೇಡಿ.

ಇದಕ್ಕೆ ಮದ್ದು ಪಾಸ್‌ಪೋರ್ಟ್ ಅರ್ಜಿಯ ದಿನವೇ ಇದೆ. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಹೇಗಿದೆಯೋ ಆದಷ್ಟೂ ಹಾಗೇ ಪಾಸ್‌ಪೋರ್ಟ್ ಮಾಡಿಸಿ, ನೀಟ್ ಅರ್ಜಿಯಲ್ಲೂ ಅದನ್ನೇ ತುಂಬಿ. ಕಾರ್ಡಿನಲ್ಲೇ ತಪ್ಪಿದ್ದರೆ ಓದಿದ ಶಾಲೆಯ ಮೂಲಕ ಮಂಡಳಿಗೆ ತಿದ್ದುಪಡಿಗೆ ಬರೆದು ಅದನ್ನು ಮೊದಲು ಸರಿಮಾಡಿಸಿ. ವಿದೇಶಕ್ಕೆ ಹೋದ ಮೇಲೆ, ಮೊದಲ ಸೆಮಿಸ್ಟರಿನ ಗುರುತಿನ ಚೀಟಿ ಕೈಗೆ ಬಂದ ದಿನ, ಅಕ್ಷರ ಅಕ್ಷರ ಹೋಲಿಸಿ ನೋಡಿ. ಅಲ್ಲಿ ಆದ ತಪ್ಪೇ ಪದವಿ ಪತ್ರದ ತನಕ ನಡೆದುಬರುತ್ತದೆ.

ಓದುವ ವರ್ಷಗಳಲ್ಲಿ

ಪಾಸ್‌ಪೋರ್ಟಿನ ಒಂದೊಂದು ಸೀಲೂ ಸಾಕ್ಷಿ. ತರಗತಿಗೆ ನೀವು ಖುದ್ದು ಹಾಜರಿದ್ದಿರಾ ಎಂಬುದನ್ನು ಕೌನ್ಸಿಲ್ ಪರಿಶೀಲಿಸುವುದು ವಲಸೆ ಕಚೇರಿಯ ಆಗಮನ ನಿರ್ಗಮನದ ಸೀಲುಗಳಿಂದ. ಕೊರೊನಾ ಕಾಲದಲ್ಲಿ ಮನೆಯಲ್ಲೇ ಕೂತು ಆನ್‌ಲೈನ್ ಪಾಠ ಕೇಳಿದವರು, ಆ ಅವಧಿಯನ್ನು ಖುದ್ದು ತರಗತಿಯಿಂದ ತುಂಬಿಕೊಂಡದ್ದಕ್ಕೆ ಪುರಾವೆ ತೋರಿಸಲಾಗದೆ ಪಟ್ಟ ಪಾಡು ಸಣ್ಣದಲ್ಲ. ಪಾಸ್‌ಪೋರ್ಟ್ ನವೀಕರಿಸಿದಾಗ ಹಳೆಯದನ್ನು ಎಸೆಯಬೇಡಿ. ಪ್ರತಿ ಪುಟ ಸ್ಕ್ಯಾನ್ ಮಾಡಿಡಿ. ವೀಸಾ, ವಾಸದ ಪರವಾನಗಿ, ಫೀಸಿನ ರಸೀದಿ, ಪ್ರತಿ ಸೆಮಿಸ್ಟರಿನ ಅಂಕಪಟ್ಟಿ, ಆಸ್ಪತ್ರೆ ಪೋಸ್ಟಿಂಗಿನ ಲಾಗ್‌ಬುಕ್ಕು ಎಲ್ಲವನ್ನೂ ಒಂದು ಕಡತದಲ್ಲಿಟ್ಟು ಅದರ ಪ್ರತಿಯೊಂದನ್ನು ಊರಿನ ಮನೆಗೆ ಕಳಿಸಿ.

2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸಿಕ್ಕು ತೀರಿಕೊಂಡದ್ದು ಈ ರಾಜ್ಯ ಮರೆಯುವ ಸಂಗತಿಯಲ್ಲ. ಉಳಿದವರು ಉಟ್ಟ ಬಟ್ಟೆಯಲ್ಲಿ ಹೊರಟು ಬಂದರು. ಅಂಥ ಹೊತ್ತಿನಲ್ಲಿ ದಾಖಲೆಗಳ ಪ್ರತಿ ಬೇರೆ ದೇಶದಲ್ಲಿ ಭದ್ರವಾಗಿರುವುದು ಎಷ್ಟು ಮುಖ್ಯ ಎಂದು ಬಿಡಿಸಿ ಹೇಳಬೇಕಿಲ್ಲ. ಆಗ ಉಕ್ರೇನಿನ ವಿದ್ಯಾರ್ಥಿಗಳಿಗೆ ಬೇರೆ ದೇಶದಲ್ಲಿ ಓದು ಮುಂದುವರಿಸಲು ಎನ್‌ಎಂಸಿ ಸೆಪ್ಟೆಂಬರಿನಲ್ಲಿ ವಿಶೇಷ ಒಪ್ಪಿಗೆ ಕೊಟ್ಟಿತು, ಪದವಿ ಮೂಲ ಉಕ್ರೇನ್ ವಿಶ್ವವಿದ್ಯಾಲಯದಿಂದಲೇ ಬರಬೇಕೆಂಬ ಷರತ್ತಿನೊಂದಿಗೆ. ಅದು ಯುದ್ಧಕ್ಕೆ ಕೊಟ್ಟ ವಿನಾಯಿತಿ. ಊಟ ಸೇರದೆ, ಫೀಸು ಹೆಚ್ಚಾಗಿ, ಗೆಳೆಯರು ಹೋದರೆಂದು ಇನ್ನೊಂದು ಕಾಲೇಜಿಗೆ ವರ್ಗವಾಗುವುದಕ್ಕೆ ಅದು ದಾರಿಯಲ್ಲ. ಮಧ್ಯದಲ್ಲಿ ಕಾಲೇಜು ಬದಲಿಸಿದರೆ ‘ಒಂದೇ ಸಂಸ್ಥೆ’ ಎಂಬ ಷರತ್ತು ಮುರಿಯುತ್ತದೆ. ವರ್ಗಾವಣೆ ಮಾಡಿಸಿಕೊಡುತ್ತೇವೆ ಎನ್ನುವ ಏಜೆಂಟರು ಇದನ್ನು ಹೇಳುವುದಿಲ್ಲ.

ಬೇಸಿಗೆ ರಜೆಯಲ್ಲಿ ಊರಿನ ಆಸ್ಪತ್ರೆಗೆ ಹೋಗಿ ನೋಡಿ ಕಲಿಯುವುದು ಒಳ್ಳೆಯದೇ. ಆದರೆ ಅದನ್ನು ಕೋರ್ಸಿನ ಭಾಗವೆಂದು ಕಾಲೇಜಿನ ದಾಖಲೆಯಲ್ಲಿ ಸೇರಿಸಿದರೆ ‘ಭಾರತದಲ್ಲಿ ಯಾವ ಭಾಗವೂ ಇಲ್ಲ’ ಎಂಬ ಷರತ್ತಿಗೆ ವಿರುದ್ಧವಾಗುತ್ತದೆ.

ವಾಪಸ್ ಬರುವಾಗ ಕೈಯಲ್ಲಿರಬೇಕಾದ್ದು: ಪದವಿ ಪತ್ರ, ಪೂರ್ಣ ಟ್ರಾನ್ಸ್‌ಕ್ರಿಪ್ಟ್ (ಎಲ್ಲ ವರ್ಷಗಳ ವಿಷಯ ಮತ್ತು ಅಂಕಗಳ ಪಟ್ಟಿ), ದಿನಾಂಕ ಸಹಿತ ಇಂಟರ್ನ್‌ಶಿಪ್ ಪ್ರಮಾಣಪತ್ರ, ಇಂಗ್ಲಿಷ್ ಮಾಧ್ಯಮದ ಪತ್ರ, ಲೈಸೆನ್ಸ್ ಅಥವಾ ಅದರ ಅರ್ಹತೆಯ ಬಗ್ಗೆ ಆ ದೇಶದ ಅಧಿಕೃತ ಸಂಸ್ಥೆಯ ಪತ್ರ. ಇಂಗ್ಲಿಷಿನಲ್ಲಿ ಇಲ್ಲದವಕ್ಕೆ ಅಧಿಕೃತ ಅನುವಾದ. ಪದವಿಗೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ದೃಢೀಕರಣ ಅಥವಾ ಅಪಾಸ್ಟಿಲ್, ಅಂದರೆ ಪದವಿ ಕೊಟ್ಟ ದೇಶದ ಸರ್ಕಾರ ಹಾಕುವ ದೃಢೀಕರಣ ಮುದ್ರೆ ಬೇಕು. ವಿಮಾನ ಹತ್ತಿದ ಮೇಲೆ ಇದನ್ನು ಮಾಡಿಸುವುದು ದುಬಾರಿ, ನಿಧಾನ.

ಎಫ್‌ಎಂಜಿಇ

ಇದನ್ನು ನಡೆಸುವುದು ದೆಹಲಿಯ ರಾಷ್ಟ್ರೀಯ ವೈದ್ಯಕೀಯ ವಿಜ್ಞಾನಗಳ ಪರೀಕ್ಷಾ ಮಂಡಳಿ. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಸೆಷನ್. ಕಂಪ್ಯೂಟರಿನಲ್ಲಿ ಒಂದೇ ದಿನ ಎರಡು ಭಾಗ. ಭಾಗಕ್ಕೆ 150 ಪ್ರಶ್ನೆ, 150 ನಿಮಿಷ. ಒಟ್ಟು 300ಕ್ಕೆ 150 ಬಂದರೆ ಪಾಸ್. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಎಷ್ಟು ಸಲ ಬೇಕಾದರೂ ಬರೆಯಬಹುದು. ಇಲ್ಲಿ ಓದಿದವರಿಗೂ ವಿದೇಶದಲ್ಲಿ ಓದಿದವರಿಗೂ ಒಂದೇ ಪರೀಕ್ಷೆ ಎಂದು 2019ರ ಕಾಯ್ದೆಯಲ್ಲಿ ಹೇಳಿರುವ ನೆಕ್ಸ್ಟ್ ಜಾರಿಗೆ ಬರುವ ತನಕ ಇದೇ ಪರೀಕ್ಷೆ.

ಅಂಕಗಳ ಹಂಚಿಕೆ ಗೊತ್ತಿದ್ದರೆ ಓದುವ ಹೊತ್ತನ್ನು ಹಂಚಿಕೊಳ್ಳಬಹುದು. ಅನಾಟಮಿ, ಫಿಸಿಯಾಲಜಿ, ಬಯೊಕೆಮಿಸ್ಟ್ರಿಗೆ ತಲಾ 17, ಪೆಥಾಲಜಿ, ಮೈಕ್ರೊಬಯಾಲಜಿ, ಫಾರ್ಮಕಾಲಜಿಗೆ ತಲಾ 13, ಫೊರೆನ್ಸಿಕ್‌ಗೆ 10, ಒಟ್ಟು 100. ಉಳಿದ 200 ಕ್ಲಿನಿಕಲ್: ಮೆಡಿಸಿನ್ 33, ಸರ್ಜರಿ 32, ಪ್ರಸೂತಿ ಮತ್ತು ಸ್ತ್ರೀರೋಗ 30, ಕಮ್ಯುನಿಟಿ ಮೆಡಿಸಿನ್ 30, ಮಕ್ಕಳು, ಕಣ್ಣು, ಇಎನ್‌ಟಿ ತಲಾ 15, ಮಿಕ್ಕ ಸಣ್ಣ ವಿಷಯಗಳು ತಲಾ 5. ಇದರಲ್ಲಿ ಕಮ್ಯುನಿಟಿ ಮೆಡಿಸಿನ್‌ನ 30 ಅಂಕ ನೋಡಿ. ಕ್ಷಯ ನಿರ್ಮೂಲನ ಕಾರ್ಯಕ್ರಮ, ಲಸಿಕೆ ವೇಳಾಪಟ್ಟಿ, ಆಶಾ ಕಾರ್ಯಕರ್ತೆಯ ಕೆಲಸ, ಪ್ರಾಥಮಿಕ ಆರೋಗ್ಯ ಕೇಂದ್ರದ ಜನಸಂಖ್ಯೆಯ ಮಾನದಂಡ ಇವನ್ನೆಲ್ಲ ಯಾವ ವಿದೇಶಿ ಕಾಲೇಜೂ ಕಲಿಸುವುದಿಲ್ಲ. ಬಹಳ ಜನ ಕೈಬಿಡುವುದು ಇದನ್ನೇ. ಭಾರತದ ಪಠ್ಯಪುಸ್ತಕವನ್ನು ಎರಡನೇ ವರ್ಷದಲ್ಲೇ ತರಿಸಿಕೊಂಡು ಓದುತ್ತಾ ಬಂದರೆ ಇವು ಅತ್ಯಂತ ಸುಲಭದ ಅಂಕಗಳು.

ಅರ್ಜಿ ಹಾಕುವಾಗ ಒಂದು ದಿನಾಂಕದ ಮೇಲೆ ಕಣ್ಣಿಡಿ. ಪದವಿಯ ಅಂತಿಮ ಫಲಿತಾಂಶ ಮಂಡಳಿ ನಿಗದಿ ಮಾಡಿದ ದಿನಕ್ಕೆ ಮೊದಲೇ ಬಂದಿರಬೇಕು. ಸಾಮಾನ್ಯವಾಗಿ ಜೂನ್ ಸೆಷನ್ನಿಗೆ ಏಪ್ರಿಲ್ 30, ಡಿಸೆಂಬರ್ ಸೆಷನ್ನಿಗೆ ಅಕ್ಟೋಬರ್ 31. ಜೂನಿನಲ್ಲಿ ಪದವಿ ಮುಗಿಸುವವರಿಗೆ ಮೊದಲ ಅವಕಾಶ ಡಿಸೆಂಬರ್. ಪಾಸಾದ ಮೇಲೆ ಮೂಲ ದಾಖಲೆಗಳ ಪರಿಶೀಲನೆ ನಡೆದ ನಂತರವೇ ಪಾಸ್ ಸರ್ಟಿಫಿಕೇಟ್ ಕೈಗೆ ಬರುತ್ತದೆ.

ಕೌನ್ಸಿಲ್ ಬಾಗಿಲಲ್ಲಿ

1961ರ ಕರ್ನಾಟಕ ವೈದ್ಯಕೀಯ ನೋಂದಣಿ ಕಾಯ್ದೆಯ ಅಡಿ ನಡೆಯುವ ಕೌನ್ಸಿಲ್‌ಗೆ ಮೊದಲ ಅರ್ಜಿ ತಾತ್ಕಾಲಿಕ ನೋಂದಣಿಗೆ. ಎಫ್‌ಎಂಜಿಇ ಪಾಸ್ ಸರ್ಟಿಫಿಕೇಟ್, ಎಲಿಜಿಬಿಲಿಟಿ ಸರ್ಟಿಫಿಕೇಟ್, ನೀಟ್ ಸ್ಕೋರ್ ಕಾರ್ಡ್, ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಮಾರ್ಕ್ಸ್ ಕಾರ್ಡ್, ಹಳೆಯ ಹೊಸ ಪಾಸ್‌ಪೋರ್ಟ್‌ಗಳು, ವಿದೇಶದಿಂದ ತಂದ ಕಡತ ಎಲ್ಲವನ್ನೂ ಒಂದೇ ಕ್ರಮದಲ್ಲಿ ಜೋಡಿಸಿ, ಮೂಲ ಮತ್ತು ಪ್ರತಿ ಎರಡನ್ನೂ ಒಯ್ಯಿರಿ. ಪದವಿ ಅಸಲಿಯೇ ಎಂದು ವಿದೇಶಿ ವಿಶ್ವವಿದ್ಯಾಲಯದಿಂದ ಅಥವಾ ರಾಯಭಾರ ಕಚೇರಿಯಿಂದ ಖಚಿತಪಡಿಸಿಕೊಳ್ಳುವ ಹಂತ ನಿಧಾನ. ಅದನ್ನು ತಪ್ಪಿಸಿಕೊಡುತ್ತೇನೆ ಎನ್ನುವವರ ಹತ್ತಿರವೂ ಸುಳಿಯಬೇಡಿ. 2022ರ ಡಿಸೆಂಬರಿನಲ್ಲಿ ಸಿಬಿಐ 73 ವಿದೇಶಿ ಪದವೀಧರರ ಮೇಲೆ ಎಫ್‌ಐಆರ್ ದಾಖಲಿಸಿತು. ಎಫ್‌ಎಂಜಿಇ ಪಾಸಾಗದೆಯೇ ಅವರಿಗೆ ನೋಂದಣಿ ಸಿಕ್ಕಿತ್ತು. 14 ರಾಜ್ಯಗಳ ವೈದ್ಯಕೀಯ ಕೌನ್ಸಿಲ್‌ಗಳೂ ಆ ಪ್ರಕರಣದಲ್ಲಿ ಸೇರಿದ್ದವು.

ತಾತ್ಕಾಲಿಕ ನೋಂದಣಿ ಇರುವುದು ಇಂಟರ್ನ್‌ಶಿಪ್ ಮಾಡಲು ಮಾತ್ರ. ಸ್ವತಂತ್ರವಾಗಿ ರೋಗಿ ನೋಡಲು ಅಲ್ಲ. ಸೀಟು ಸಿಗುವುದು ವಿದೇಶಿ ಪದವೀಧರರನ್ನು ತೆಗೆದುಕೊಳ್ಳಲು ಅನುಮತಿ ಇರುವ ಕಾಲೇಜುಗಳಲ್ಲಿ. 2022ರ ಮಾರ್ಚಿನ ಎನ್‌ಎಂಸಿ ಸುತ್ತೋಲೆ ಒಂದು ಕಾಲೇಜಿನ ಒಟ್ಟು ಸೀಟಿನ ಶೇ 7.5ಕ್ಕೆ ಇದನ್ನು ಮಿತಿಗೊಳಿಸಿತ್ತು. ಹಾಗಾಗಿ ಪಾಸಾದ ಎಲ್ಲರಿಗೂ ಮರುದಿನವೇ ಜಾಗವಿರುವುದಿಲ್ಲ. ಅದೇ ಸುತ್ತೋಲೆ ಇನ್ನೆರಡು ಮಾತು ಹೇಳಿದೆ, ಅವನ್ನು ಪ್ರಿಂಟ್ ತೆಗೆದು ಜೊತೆಗಿಟ್ಟುಕೊಳ್ಳಿ: ಇಂಟರ್ನ್‌ಶಿಪ್‌ಗೆ ಕಾಲೇಜು ಶುಲ್ಕ ತೆಗೆದುಕೊಳ್ಳುವಂತಿಲ್ಲ, ಮತ್ತು ಅಲ್ಲಿಯ ಸ್ವಂತ ವಿದ್ಯಾರ್ಥಿಗಳಿಗೆ ಕೊಡುವಷ್ಟೇ ಸ್ಟೈಪೆಂಡ್ ಕೊಡಬೇಕು. ಶುಲ್ಕ ಕೇಳಿದರೆ ಬರಹದಲ್ಲಿ ಕೇಳಲು ಹೇಳಿ. ಬರಹದಲ್ಲಿ ಕೇಳಿದ ಕಾಗದವೇ ಕೌನ್ಸಿಲ್‌ಗೆ ದೂರಿನ ಆಧಾರ.

12 ತಿಂಗಳ ಸರದಿಯಲ್ಲಿ ಕಮ್ಯುನಿಟಿ ಮೆಡಿಸಿನ್ 12 ವಾರ, ಪ್ರಸೂತಿ 7, ಮೆಡಿಸಿನ್ 6, ಸರ್ಜರಿ 6, ಮಕ್ಕಳ ವಿಭಾಗ 3, ತುರ್ತು ಚಿಕಿತ್ಸೆ 2 ಹೀಗೆ 52 ವಾರ ಹಂಚಿದೆ. ಪ್ರತಿ ವಿಭಾಗ ಬಿಡುವಾಗ ಲಾಗ್‌ಬುಕ್ಕಿಗೆ ಸಹಿ ಹಾಕಿಸಿಕೊಂಡೇ ಹೊರಡಿ. ಮೂರು ತಿಂಗಳ ನಂತರ ಆ ಯೂನಿಟ್ಟಿನ ಮುಖ್ಯಸ್ಥರು ವರ್ಗವಾಗಿ ಹೋಗಿರುತ್ತಾರೆ. ವಿದೇಶದಲ್ಲಿ ಕೈಕೆಲಸ ಕಡಿಮೆ ಸಿಕ್ಕವರಿಗೆ ಈ ವರ್ಷ ಬಂಗಾರದಂಥದ್ದು. ಪಿಜಿ ಪರೀಕ್ಷೆಗೆ ಓದಬೇಕೆಂದು ರೂಮಿನಲ್ಲಿ ಉಳಿದುಬಿಡಬೇಡಿ. ಹೊಲಿಗೆ, ಕ್ಯಾಥೆಟರ್, ಸಹಜ ಹೆರಿಗೆ, ಮಗುವಿಗೆ ಡ್ರಿಪ್ ಹಾಕುವುದು ಇವು ಕೈಗೆ ಬರದೆ ನೋಂದಣಿ ಸಂಖ್ಯೆ ಬಂದರೆ ಅಪಾಯ ರೋಗಿಗೆ.

ಇಂಟರ್ನ್‌ಶಿಪ್ ಪ್ರಮಾಣಪತ್ರದೊಂದಿಗೆ ಶಾಶ್ವತ ನೋಂದಣಿಗೆ ಅರ್ಜಿ. ಆ ಸಂಖ್ಯೆ ಬರುವ ತನಕ 2019ರ ಎನ್‌ಎಂಸಿ ಕಾಯ್ದೆಯ 34ನೇ ಕಲಂ ತಲೆಯ ಮೇಲಿರುತ್ತದೆ: ನೋಂದಣಿಯಿಲ್ಲದೆ ವೈದ್ಯವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಎಫ್‌ಎಂಜಿಇಗೆ ಓದುತ್ತಾ ಖರ್ಚಿಗಾಗಿ ನರ್ಸಿಂಗ್ ಹೋಮಿನಲ್ಲಿ ರಾತ್ರಿ ಡ್ಯೂಟಿ ಡಾಕ್ಟರ್ ಕೆಲಸಕ್ಕೆ ಹೋಗುವವರಿದ್ದಾರೆ. ಇನ್ನೊಬ್ಬರ ನೋಂದಣಿ ಸಂಖ್ಯೆಯಲ್ಲಿ ಚೀಟಿ ಬರೆಯುತ್ತಾರೆ. ರಾತ್ರಿ ಮೂರು ಗಂಟೆಗೆ ಒಬ್ಬ ರೋಗಿ ತೀರಿಕೊಂಡರೆ ಮಾಲೀಕರ ಹೆಸರಿನ ಜೊತೆ ಎಫ್‌ಐಆರ್‌ನಲ್ಲಿ ಇವರ ಹೆಸರೂ ಬರುತ್ತದೆ. ಆರು ವರ್ಷದ ಓದನ್ನು ಒಂದು ರಾತ್ರಿಯ ಸಂಬಳಕ್ಕೆ ಪಣವಿಡಬೇಡಿ. ಶಾಶ್ವತ ನೋಂದಣಿಯ ನಂತರ ಎನ್‌ಎಂಸಿಯ ರಾಷ್ಟ್ರೀಯ ವೈದ್ಯಕೀಯ ರಿಜಿಸ್ಟರಿನಲ್ಲೂ ಹೆಸರು ಸೇರಿಸಿ. ಅದರ ಪೋರ್ಟಲ್ 2024ರ ಆಗಸ್ಟ್ 23ರಂದು ಶುರುವಾಗಿದೆ, ಆಧಾರ್ ಜೋಡಣೆ ಇದೆ. ಕರ್ನಾಟಕದಲ್ಲಿ ನೋಂದಣಿ ಐದು ವರ್ಷಕ್ಕೊಮ್ಮೆ ನವೀಕರಣ. ಅಷ್ಟರಲ್ಲಿ 30 ಗಂಟೆ ಸಿಎಂಇ, ಅಂದರೆ ವೈದ್ಯರ ಮುಂದುವರಿದ ಕಲಿಕೆಯ ಕ್ರೆಡಿಟ್ ಕೂಡಿಸಿರಬೇಕು.

ಅರ್ಜಿ ಸಿಕ್ಕಿಕೊಂಡರೆ, ಏಜೆಂಟ್ ಕೈಕೊಟ್ಟರೆ

ಕೌನ್ಸಿಲ್‌ನಿಂದ ಉತ್ತರ ಬಾರದಿದ್ದರೆ ಕೌಂಟರಿನಲ್ಲಿ ಜಗಳ ಆಡುವುದರಿಂದ ಏನೂ ಆಗದು. ಮಾಹಿತಿ ಹಕ್ಕು ಕಾಯ್ದೆಯ ಅಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ‘ನನ್ನ ಅರ್ಜಿ ಯಾಕೆ ತಡ’ ಎಂದು ಬರೆದರೆ ಅದು ಮಾಹಿತಿಯಲ್ಲ ಎಂದು ವಾಪಸ್ ಬರಬಹುದು. ‘ಈ ಸಂಖ್ಯೆಯ ಅರ್ಜಿಯ ಕಡತದ ಟಿಪ್ಪಣಿ ಪುಟಗಳ ಪ್ರತಿ ಮತ್ತು ಪರಿಶೀಲನೆಗೆ ಕಳಿಸಿದ ಪತ್ರಗಳ ಪ್ರತಿ ಕೊಡಿ’ ಎಂದು ಬರೆಯಿರಿ. 30 ದಿನದೊಳಗೆ ಉತ್ತರ ಕೊಡಬೇಕು. ಕಡತ ಯಾರ ಮೇಜಿನ ಮೇಲೆ, ಯಾವ ಕಾಗದಕ್ಕಾಗಿ ನಿಂತಿದೆ ಎಂಬುದು ಆ ಟಿಪ್ಪಣಿಗಳಲ್ಲಿರುತ್ತದೆ.

ಸುಳ್ಳು ಭರವಸೆ ಕೊಟ್ಟು ಹಣ ಪಡೆದ ಏಜೆನ್ಸಿಯ ಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 50 ಲಕ್ಷದವರೆಗಿದ್ದರೆ ಅಲ್ಲೇ, 5 ಲಕ್ಷದವರೆಗೆ ಕೋರ್ಟ್ ಶುಲ್ಕವಿಲ್ಲ. ಕಾಲಮಿತಿ ಎರಡು ವರ್ಷ. ದೂರು ನಿಲ್ಲಬೇಕಾದರೆ ಕಾಗದ ಬೇಕು, ಅದಕ್ಕಾಗಿ ಮೊದಲ ದಿನದಿಂದಲೇ ನಗದು ಕೊಡದೆ ಬ್ಯಾಂಕಿನ ಮೂಲಕ ಕಟ್ಟಿ. ವಿಶ್ವವಿದ್ಯಾಲಯದ ಫೀಸನ್ನು ವಿಶ್ವವಿದ್ಯಾಲಯದ ಖಾತೆಗೇ ಹಾಕಿ. ಏಜೆನ್ಸಿಯ ಜೊತೆ ಬರಹದ ಒಪ್ಪಂದ ಮಾಡಿಕೊಂಡು, ಅದರಲ್ಲಿ ಮೂರು ಸಾಲು ಸೇರಿಸಲು ಹೇಳಿ: ಕೋರ್ಸು 54 ತಿಂಗಳು ಮತ್ತು ಇಂಟರ್ನ್‌ಶಿಪ್ 12 ತಿಂಗಳು ಅದೇ ಕಾಲೇಜಿನಲ್ಲಿ, ಬೋಧನೆ ಪೂರ್ತಿ ಇಂಗ್ಲಿಷಿನಲ್ಲಿ, ಪದವೀಧರನಿಗೆ ಆ ದೇಶದ ಲೈಸೆನ್ಸಿಗೆ ಅರ್ಹತೆ. ಇವು ಸುಳ್ಳಾದರೆ ಹಣ ವಾಪಸ್. ಈ ಮೂರು ಸಾಲಿಗೆ ಸಹಿ ಹಾಕಲು ಒಪ್ಪದ ಏಜೆನ್ಸಿಯ ಕಚೇರಿಯಿಂದ ಹಣ ಕಟ್ಟದೆ ಎದ್ದು ಬನ್ನಿ.